ಮೆಣಸಿನಕಾಯಿ ರೊಕ್ಕದ ತಾರೀಖು

ಗದಗಿನ ಪ್ರೆಸ್ಸುಗಳಿಗೆ ಕಾಗದ ಮಾರುವ ಅಂದಪ್ಪನಿಗೆ ಒಂದು ಚಟವಿತ್ತು. ಯಾವ ಹಾಳೆ ಕೈಗೆ ಬಂದರೂ ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ, "ಎಪ್ಪತ್ತು ಗ್ರಾಮ್" ಎಂದೋ, "ಅರವತ್ತಕ್ಕ ಒಂಚೂರು ಕಡಿಮಿ" ಎಂದೋ ಅದರ ಚದರ ಮೀಟರಿನ ತೂಕ ಹೇಳಿಬಿಡುವುದು. ಮದುವೆಗೆ ಕರೆಯಲು ಬಂದವರ ಲಗ್ನಪತ್ರಿಕೆಯನ್ನೂ ಓದುವ ಮೊದಲೇ ಹಾಗೆ ಉಜ್ಜಿ ನೋಡಿ ಹೆಂಡತಿಯಿಂದ ಬೈಸಿಕೊಂಡಿದ್ದ. ಬೇರೆ ಅಂಗಡಿಯ ತೆಳು ಹಾಳೆ ತಂದು ತೋರಿಸಿ ಚೌಕಾಶಿಗೆ ನಿಂತವರಿಗೆ ಅವನದು ಒಂದೇ ಮಾತು: "ತೂಕಾ ಒಂದ ಇದ್ದರ ರೇಟ್ ಮಾತಾಡೋಣ್ರಿ."

ಇಂಥವನ ಕೈಗೆ ತಂಗಿ ಬಸವಣ್ಣೆವ್ವ ತನ್ನ ಉಳಿತಾಯವನ್ನೆಲ್ಲ ಒಪ್ಪಿಸಿದ್ದಳು. ಅವಳನ್ನು ಕೊಟ್ಟದ್ದು ಅಡರಕಟ್ಟಿಗೆ. ಗಂಡ ತೀರಿಕೊಂಡ ಮೇಲೂ ಹೊಲ ಬಿಡದೆ, ಮೆಣಸಿನಕಾಯಿ ಬೆಳೆದು, ಮಗಳು ಶೀತಲ್‌ಳನ್ನು ಬಿ.ಎಸ್ಸಿ., ಬಿ.ಎಡ್. ಓದಿಸಿದವಳು ಅವಳು. ಮಗಳಿಗೆ ಮುಂಡರಗಿಯ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕ ವರ್ಷದಿಂದ, ಮಾಲು ಮಾರಿ ಖರ್ಚು ಕಳೆದು ಉಳಿದದ್ದನ್ನು ತಂದು ಅಣ್ಣನ ಮುಂದೆ ಇಟ್ಟು ಹೋಗುತ್ತಿದ್ದಳು. ಹೀಗೆ ಐದು ವರ್ಷವಾಗಿತ್ತು. "ಮುಪ್ಪಿನಾಗ ಮಗಳ ಕೈ ನೋಡಬಾರದು ನೋಡಣ್ಣಾ, ಅಷ್ಟಾದರ ಸಾಕು" ಎಂದದ್ದು ಬಿಟ್ಟರೆ ಮತ್ತೇನನ್ನೂ ಕೇಳಿದವಳಲ್ಲ. ಅವಳ ಮೈದುನ ಮಾತ್ರ, "ರೊಕ್ಕಾ ಹೊಲಕ್ಕ ಹಾಕೂದು ಬಿಟ್ಟು ತವರಮನಿಗೆ ಹೊರಾಕತ್ತಾಳ" ಎಂದು ಊರವರ ಮುಂದೆ ಆಡಿಕೊಂಡಿದ್ದ. ಆ ಮಾತು ಅಂದಪ್ಪನ ಕಿವಿಗೂ ಬಿದ್ದಿತ್ತು.

ಅಂದಪ್ಪ ಎಲ್ಲವನ್ನೂ ತಂಗಿಯ ಹೆಸರಿನಲ್ಲೇ ಇಟ್ಟಿದ್ದ. ಅರ್ಧ ಬ್ಯಾಂಕಿನ ಠೇವಣಿ, ಕಾಲು ಭಾಗ ಸರ್ಕಾರದ ಬಂಗಾರದ ಬಾಂಡು, ಉಳಿದ ಕಾಲು ಭಾಗ ಷೇರಿನ ಮ್ಯೂಚುವಲ್ ಫಂಡು. ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯಲಿ ಎಂಬುದು ಅವನ ಲೆಕ್ಕ.

ಆ ವರ್ಷ ಸಂಕ್ರಾಂತಿಗೆ ಬಂದ ಶೀತಲ್ ಅಂಗಡಿಯ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಳು. ಯಾವ ದಿನ ಎಷ್ಟು ಹಣ ಎಲ್ಲಿ ಹಾಕಿದೆವು ಎಂದು ತುಂಬಿದರೆ, ಅದು ವರ್ಷಕ್ಕೆ ನೂರಕ್ಕೆ ಎಷ್ಟರಂತೆ ಬೆಳೆದಿದೆ ಎಂದು ಹೇಳುತ್ತಿತ್ತು. ಅದೇ ದಿನ ಅಷ್ಟೇ ಹಣವನ್ನು ಬೇರೆ ಕಡೆ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು ಪಕ್ಕದಲ್ಲೇ ತೋರಿಸುತ್ತಿತ್ತು. ಹೋಲಿಸಿ ನೋಡಲಿಕ್ಕಿರುವ ಈ ಪಕ್ಕದ ಅಂಕಿಗೆ ಬೆಂಚ್‌ಮಾರ್ಕ್ ಎಂದು ಹೆಸರು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕುಳಿತು ಅಂದಪ್ಪ ಒಂದೊಂದಾಗಿ ಎಲ್ಲ ತುಂಬಿದ.

ಮುಂದೆ ಒಂದು ಭಾನುವಾರ ಶೀತಲ್ ಬಂದು ಗುಂಡಿ ಒತ್ತಿದಳು. ತಾಯಿಯ ಹಣ ನೂರಕ್ಕೆ ಎಂಟು. ಬೆಂಚ್‌ಮಾರ್ಕ್ ಹದಿಮೂರು.

"ಮಾಮಾ, ಷೇರು ಪ್ಯಾಟಿ ಹದಿಮೂರರಂಗ ಓಡೇತಿ. ನಮ್ಮದು ಎಂಟಕ್ಕ ಕುಂತೈತಲ್ಲ!"

ಚುಚ್ಚಬೇಕೆಂದು ಅಂದದ್ದಲ್ಲ, ಹುಡುಗರ ಲೆಕ್ಕ ತಿದ್ದುವ ದನಿಯಲ್ಲಿ ಅಂದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟೂ ಹೋದಳು. ಆದರೆ ಆ ಎರಡು ಅಂಕಿ ಅಂದಪ್ಪನ ತಲೆಯಲ್ಲಿ ಉಳಿದವು. ಮೈದುನನ ಮಾತೇ ಖರೆಯಾಯಿತೇ? ತವರುಮನೆಯನ್ನು ನಂಬಿ ತಂಗಿ ಕೆಟ್ಟಳೇ?

ಪಕ್ಕದ ಅಂಗಡಿಯಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಲಾಡಸಾಬ ಬಾಗಿಲಲ್ಲಿ ಇಣುಕಿದ. "ಏನೋ ಅಂದಪ್ಪಾ, ಕಪ್ಪತಗುಡ್ಡ ತಲಿ ಮ್ಯಾಲ ಬಿದ್ದಂಗ ಕುಂತಿ? ಚಾ ಹೇಳಲೇನು?"

"ಬ್ಯಾಡೋ."

"ನೀ ಚಾ ಬ್ಯಾಡ ಅಂದರ ಡಾಕ್ಟರಗ ಹೇಳಬೇಕಾಗತೈತಿ."

ಅಂದಪ್ಪ ಮತ್ತೆ ಆ ಎರಡು ಅಂಕಿಗಳ ಕಡೆಗೇ ತಿರುಗಿದ.

ಗುರುವಾರ ಶಿರಹಟ್ಟಿಯ ಪ್ರೆಸ್ಸಿನವರೊಬ್ಬರು ಒಂದು ತೆಳು ಹಾಳೆ ಹಿಡಿದು ಬಂದು, ಇದೇ ಕಾಗದ ಬೇರೆ ಕಡೆ ಸೋವಿ ಎಂದರು. ಅಂದಪ್ಪ ಹಾಳೆ ಮುಟ್ಟದೆಯೇ, "ತೂಕಾ ಒಂದ ಇದ್ದರ..." ಎಂದು ಶುರು ಮಾಡಿ ಅಲ್ಲೇ ನಿಂತ. ಶೀತಲ್ ತೋರಿಸಿದ ಹದಿಮೂರು ಬರೀ ಷೇರಿನದು. ತಂಗಿಯ ಹಣದಲ್ಲಿ ಷೇರು ಇರುವುದು ಕಾಲು ಭಾಗ. ಎಂಬತ್ತು ಗ್ರಾಮಿನ ಹಾಳೆಯ ಪಕ್ಕ ಐವತ್ತು ಗ್ರಾಮಿನದನ್ನು ಇಟ್ಟು ತಾನೇ ಕೊರಗುತ್ತಿದ್ದೇನಲ್ಲ!

"ಮುಂದ ಹೇಳ್ರಿ ಅಂದಪ್ಪನವರ, ತೂಕಾ ಒಂದ ಇದ್ದರ?" ಎಂದರು ಗಿರಾಕಿ.

"ನೀವ ಕೇಳಿದ ರೇಟಿಗೇ ಒಯ್ರಿ," ಎಂದು ಅಂದಪ್ಪ ಫೋನು ಕೈಗೆತ್ತಿಕೊಂಡ. ಚೌಕಾಶಿ ಇಷ್ಟು ಜಲ್ದಿ ಮುಗಿದದ್ದಕ್ಕೆ ಬಂದವರಿಗೇ ಅನುಮಾನವಾಯಿತು.

ಶಾಲೆಯ ಊಟದ ಬಿಡುವಿನಲ್ಲಿ ಶೀತಲ್ ಸಿಕ್ಕಳು. "ಲೇ ಶೀತಲಾ, ಆ ಬೆಂಚ್‌ಮಾರ್ಕನ್ನ ಕಲಸಾಕ ಬರತೈತೇನು? ಅರ್ಧ ಠೇವಣಿ, ಕಾಲು ಬಂಗಾರ, ಕಾಲು ಷೇರು?"

ಅವಳಿಗೂ ತಪ್ಪು ಹೊಳೆಯಿತು. "ಅಯ್ಯ, ಖರೇನ ಮಾಮಾ. ನಾ ಮೊದಲ ಹಂಗ ಇಡಬೇಕಿತ್ತು. ತಡಿ, ಎಲ್ಲಿ ಒತ್ತಬೇಕು ಹೇಳತೀನಿ."

ಅವಳು ಹೇಳಿದಂತೆ ಒತ್ತಿದ. ಮಿಶ್ರ ಮಾಡಿದ ಬೆಂಚ್‌ಮಾರ್ಕ್ ಹದಿಮೂರರಿಂದ ಒಂಬತ್ತಕ್ಕೆ ಇಳಿಯಿತು. ಎದೆಯ ಮುಕ್ಕಾಲು ಭಾರವೂ ಇಳಿಯಿತು. ಆದರೆ ತನ್ನ ಎಂಟು ಎಂಟಾಗಿಯೇ ಇತ್ತು. ಆ ಒಂದು ಎಲ್ಲಿ ಹೋಯಿತು? ಠೇವಣಿ ತಪ್ಪಾದ ಬ್ಯಾಂಕಿನಲ್ಲಿಟ್ಟೆನೇ? ಫಂಡು ಆರಿಸಿದ್ದು ತಪ್ಪಾಯಿತೇ? ಲೆಕ್ಕ ಕೇಳದವಳಿಗೆ ಒಂದು ಕಡಿಮೆ ಬಿದ್ದರೂ ಅದು ದೊಡ್ಡ ತಪ್ಪೇ ಎಂದುಕೊಂಡ. ಈ ಸಲ ಬಂದಾಗ ಅವಳಿಗೆ ಹೇಳಿ, ಜವಾಬ್ದಾರಿ ಬಿಟ್ಟುಬಿಡುವುದು ಎಂದು ತೀರ್ಮಾನಿಸಿದ.

ಶಿವರಾತ್ರಿ ಕಳೆದ ವಾರ ಬಸವಣ್ಣೆವ್ವ ಬಂದಳು. ಒಂದು ಕೈಯಲ್ಲಿ ಒಣಮೆಣಸಿನಕಾಯಿಯ ಚೀಲ, ಸೊಂಟದಲ್ಲಿ ಹಣದ ಲಕೋಟೆ. ಜೊತೆಗೆ ಶೀತಲ್. ಅಂಗಡಿಯ ತುಂಬ ಮೆಣಸಿನಕಾಯಿಯ ಘಾಟು ಹರಡಿತು.

"ಕುಂಡ್ರವ್ವಾ," ಎಂದ ಅಂದಪ್ಪ. "ನಿನ್ನ ರೊಕ್ಕಾ ನಾ ಬರೋಬರಿ ನೋಡಕೊಂಡಿಲ್ಲ. ಒಂಬತ್ತು ಬರಬೇಕಾದಲ್ಲೆ ಎಂಟು ಬಂದೈತಿ. ಇನ್ನ ಮ್ಯಾಲ ಶೀತಲ ನೋಡಕೊಳ್ಳಲಿ."

"ಇದನ್ನ ಹೇಳಾಕ ಇಷ್ಟು ಮಾರಿ ಸಣ್ಣ ಮಾಡಕೊಂಡಿಯೇನು? ನಾ ಎಲ್ಲೋ ಅತ್ತಿಗಿಗೆ ಆರಾಮಿಲ್ಲಂತ ಅಂಜಿದ್ನಿ," ಎಂದಳು ಬಸವಣ್ಣೆವ್ವ. "ಅದೇನೈತಿ ತೋರಸು."

ಅಂದಪ್ಪ ಪರದೆ ತಿರುಗಿಸಿ ಓದಿ ಹೇಳಿದ. "ಇಲ್ನೋಡು, ನೀ ಮೊದಲನೇ ಸಲ ಕೊಟ್ಟಿದ್ದು, ದೀಪಾವಳಿ ಪಾಡ್ಯ. ಎರಡನೇ ಸಲ, ಮುಂದಿನ ಪಾಡ್ಯ..."

"ಪಾಡ್ಯಕ್ಕ ನಾ ಎಲ್ಲಿ ಕೊಟ್ನೋ ಅಣ್ಣಾ? ದೀಪಾವಳಿಗೆ ಮೆಣಸಿನಕಾಯಿ ಗಿಡದಾಗ ಹಸರ ಇರತಾವು. ನಿನಗ ಕೊಡಾಕ ಆವಾಗ ರೊಕ್ಕಾ ಎಲ್ಲಿಂದ ತರ್ಲಿ? ವರ್ಷಾ ಈ ಹೊತ್ತಿಗೇ ತರತೀನಲ್ಲ."

ಅಂದಪ್ಪ ತಂಗಿಯ ಮುಖ ನೋಡಿದ. ಶೀತಲ್ ಮಾವನ ಮುಖ ನೋಡಿದಳು. ಅಪ್ಪನ ಕಾಲದಿಂದಲೂ ಆ ಅಂಗಡಿಯಲ್ಲಿ ವರ್ಷವೆಂದರೆ ಪಾಡ್ಯದಿಂದ ಪಾಡ್ಯಕ್ಕೆ. ಆ ದಿನ ಪೂಜೆ ಮಾಡಿ ಹೊಸ ಖಾತೆ ತೆಗೆದರೆ, ವರ್ಷದೊಳಗೆ ಬಂದದ್ದೆಲ್ಲ ಆ ಪಾಡ್ಯದ ಹೆಸರಿಗೇ ಸೇರುವುದು ರೂಢಿ. ಸಾಫ್ಟ್‌ವೇರ್ ತಾರೀಖು ಕೇಳಿದಾಗಲೂ ಅವನ ಬೆರಳು ಅದನ್ನೇ ಒತ್ತಿತ್ತು. ಹಣ ಇನ್ನೂ ಕೈಗೆ ಬಾರದಿದ್ದ ನಾಲ್ಕೈದು ತಿಂಗಳನ್ನೂ ಅದು ಪ್ರತಿ ವರ್ಷ ಲೆಕ್ಕಕ್ಕೆ ಹಿಡಿದು, ಬೆಳವಣಿಗೆಯನ್ನು ಅಷ್ಟು ಕಡಿಮೆ ತೋರಿಸಿತ್ತು.

"ಮಾಮಾ," ಶೀತಲ್ ನಗು ತಡೆಯಲಾರದೆ ಅಂದಳು, "ಗಿಡದಾಗಿನ ಹಸಿಕಾಯಿಗೆ ಬಡ್ಡಿ ಕೇಳೀದಿಯಲ್ಲೋ!"

ಇಬ್ಬರೂ ಕುಳಿತು ಬ್ಯಾಂಕು ಮತ್ತು ಫಂಡಿನವರು ಕಳಿಸಿದ್ದ ವಿವರಗಳನ್ನು ನೋಡಿ ತಾರೀಖುಗಳನ್ನು ತಿದ್ದಿದರು. ಬಸವಣ್ಣೆವ್ವ ಕಾಗದದ ರೀಮುಗಳಿಗೆ ಒರಗಿ ಸಣ್ಣ ನಿದ್ದೆ ತೆಗೆದಳು. ಶೀತಲ್ ಮತ್ತೆ ಗುಂಡಿ ಒತ್ತಿದಳು. ಇತ್ತ ಒಂಬತ್ತು, ಅತ್ತ ಒಂಬತ್ತು.

ಅಂದಪ್ಪ ಎರಡು ಸಲ ಕನ್ನಡಕ ಒರೆಸಿಕೊಂಡ. ಗೆದ್ದಿರಲಿಲ್ಲ, ಆದರೆ ತಂಗಿಗೆ ಒಂದು ಪೈಸೆಯೂ ಕಡಿಮೆ ಬಿದ್ದಿರಲಿಲ್ಲ. ಅವನಿಗೆ ಅಷ್ಟೇ ಬೇಕಾಗಿತ್ತು.

"ಏಳ ಯವ್ವಾ, ಬರೋಬರಿ ಆತು," ಎಂದು ತಂಗಿಯನ್ನು ಎಬ್ಬಿಸಿದ.

"ಆಗಲಾರದ ಏನ ಮಾಡತೈತಿ?" ಬಸವಣ್ಣೆವ್ವ ಸೊಂಟದಿಂದ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟಳು. "ತಗೋ, ಈ ವರ್ಷದ್ದು. ಇದನ್ನರ ಇವತ್ತಿನ ತಾರೀಖಿಗೆ ಬರಕೋ."

"ಲಾಡ್ಯಾ," ಅಂದಪ್ಪ ಪಕ್ಕದ ಅಂಗಡಿಗೆ ಕೇಳುವಂತೆ ಕೂಗಿದ, "ನಾಕ ಚಾ ಹೇಳೋ!"

"ಡಾಕ್ಟರ್ ಬ್ಯಾಡೇನು?" ಎಂದು ಅಲ್ಲಿಂದ ಉತ್ತರ ಬಂತು.

ಅಂದಪ್ಪ ಲಕೋಟೆ ಎತ್ತಿಕೊಂಡ. ಒಳಗಿನದನ್ನು ಎಣಿಸುವ ಮೊದಲು ಅದರ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದ.

"ತೊಂಬತ್ತು ಗ್ರಾಮ್," ಎಂದ.