ಇದ್ದಿಲ ಗೆರೆಗಳು

ಮೊನ್ನೆ ಮಗಳು ಎಳ್ಳೆಣ್ಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಕಾಸುತ್ತಿದ್ದಳು. ಮೊಮ್ಮಗಳಿಗೆ ಕಿವಿನೋವು. ಬೆಳ್ಳುಳ್ಳಿ ಕೆಂಪಗಾಗಿ ಆ ವಾಸನೆ ನಡುಮನೆಗೆ ಬಂದದ್ದೇ ತಡ, ನನಗೆ ಕೂತಲ್ಲಿ ಕೂರಾಕೆ ಆಗಲಿಲ್ಲ. ಎದ್ದು ಹಿತ್ತಲಿಗೆ ಹೋದೆ. ಯಾಕವ್ವ ಅಂತ ಮಗಳು ಕೇಳಿದ್ದಕ್ಕೆ ಹೊಗೆ ಅಂದೆ. ಗ್ಯಾಸಿನ ಒಲೆಯಲ್ಲಿ ಎಲ್ಲಿ ಹೊಗೆ! ಎಂಬತ್ತು ದಾಟಿದ ಮುದುಕಿ ಏನೋ ಹಲುಬುತ್ತಾಳೆ ಅಂತ ಅವಳು ಎಣ್ಣೆ ಕಡೆ ತಿರುಗಿದಳು.

ಅದು ನಮ್ಮ ಎದುರುಮನೆಯವಳ ವಾಸನೆ. ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ದಾರಿಯ ಪಕ್ಕದ ಊರು ನಮ್ಮದು. ಅವಳಿಗೂ ನನಗೂ ಒಂದೇ ವಯಸ್ಸು. ನಾಲ್ಕನೇ ಕ್ಲಾಸಿನಲ್ಲಿ ಹೆಣ್ಣುಮಕ್ಕಳು ಅಂತ ಇದ್ದದ್ದು ನಾವಿಬ್ಬರೇ. ಚಿಕ್ಕಂದಿನಲ್ಲಿ ಸೋರಿ ಸೋರಿ ಅವಳ ಬಲಗಿವಿ ಪೂರ್ತಿ ಕೆಟ್ಟಿತ್ತು. ಎಡಗಿವಿ ಒಂದೇ ಗತಿ. ದಿನಾ ಬೆಳಿಗ್ಗೆ ಅವರವ್ವ ಬೆಳ್ಳುಳ್ಳಿ ಎಣ್ಣೆ ಬಿಟ್ಟೇ ಸ್ಕೂಲಿಗೆ ಕಳಿಸುತ್ತಿದ್ದಳು. ವಿಷಯ ಊರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ನಾಳೆ ಯಾರು ಈ ಹುಡುಗಿಯನ್ನು ಮದುವೆ ಆಗ್ತಾರೆ ಅನ್ನೋ ಭಯ ಆ ತಾಯಿಗೆ. ನನಗೊಬ್ಬಳಿಗೆ ಇವಳೇ ಹೇಳಿದ್ದಳು, ಅದೂ ದೇವರ ಮುಂದೆ ಆಣೆ ಹಾಕಿಸಿಕೊಂಡು. ಅದಕ್ಕೇ ನಾನು ಯಾವಾಗಲೂ ಅವಳ ಎಡಕ್ಕೆ ಕೂರುತ್ತಿದ್ದೆ. ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ಪಿಸುಮಾತಿನಲ್ಲಿ ಆ ಕಿವಿಗೆ ದಾಟಿಸುತ್ತಿದ್ದೆ. ದಾಟಿಸಿದರೆ ಸಾಕು, ಉತ್ತರ ಅವಳ ಹತ್ತಿರ ಇರುತ್ತಿತ್ತು.

ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ಕಾಲದಲ್ಲಿ ಬಾಯಿಲೆಕ್ಕ ಕೇಳುವಾಗ ಸಾಲಾಗಿ ನಿಲ್ಲಿಸುತ್ತಿದ್ದರು. ಉತ್ತರ ಹೇಳಿದವರು, ಹೇಳದವರೆಲ್ಲರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಪಾಪ ಅಂತ ಮೆಲ್ಲಗೆ ಹೊಡೆದರೆ ಮುಗಿಯಿತು, ಹೆಂಗೆ ಹೊಡೀಬೇಕು ಅಂತ ಹೊಡೆದವರ ಕೆನ್ನೆ ಮೇಲೆಯೇ ಮೇಷ್ಟ್ರು ತೋರಿಸಿಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಕ್ಲಾಸಿನ ಕೆನ್ನೆ ಊದಿರುತ್ತಿತ್ತು. ಇದಲ್ಲದೆ ಹುಣಸೆ ಬರಲಿನ ಏಟು ಬೇರೆ. ಅದರ ಬಾಸುಂಡೆ ಅಂಗಾಲಿನಲ್ಲಿ ಎದ್ದು ಕುಂಟಿಕೊಂಡು ಮನೆಗೆ ಹೋದವರೆಷ್ಟೋ. ಮನೆಯಲ್ಲಿ ಹೇಳಿದರೆ ಅಪ್ಪನ ಕೈಯಲ್ಲಿ ಇನ್ನೆರಡು.

ಆ ವರ್ಷ ಯುದ್ಧ ಅಂತ ಕಾಗದ ಸರಿಯಾಗಿ ಬರುತ್ತಿರಲಿಲ್ಲ. ಪರೀಕ್ಷೆ ಬರೆಸುವುದು ಎಲ್ಲಿಂದ ಬಂತು? ನಮ್ಮ ಮೇಷ್ಟ್ರು ತಮ್ಮದೇ ಒಂದು ಉಪಾಯ ಹುಡುಕಿದರು. ಸುಣ್ಣ ಬಳಿದ ಗೋಡೆಯ ಮೇಲೆ ನಮ್ಮೆಲ್ಲರ ಹೆಸರು ಬರೆದರು. ಯಾರು ಒಂದು ಏಟು ತಿಂದರೂ ಅವರ ಹೆಸರಿನ ಕೆಳಗೆ ಇದ್ದಿಲಿನಲ್ಲಿ ಒಂದು ಗೆರೆ. ತಿಂಗಳ ಕೊನೆಗೆ ಗೆರೆ ಎಣಿಸಿ, ಕಡಿಮೆ ಇದ್ದವರು ಮುಂದೆ, ಜಾಸ್ತಿ ಇದ್ದವರು ಬಾಗಿಲ ಹತ್ತಿರ. ಆಮೇಲೆ ಅದನ್ನೇ ಚಾವಡಿ ಕಟ್ಟೆ ಮೇಲೆ ನಿಂತು ಹೆತ್ತವರಿಗೆ ಓದಿ ಹೇಳುವುದು, ಹೊನ್ನಾಳಿಯಿಂದ ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರಿಗೂ ಅದನ್ನೇ ತೋರಿಸುವುದು. ತಪಾಸಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾದರೆ ನಾಲ್ಕನೇ ಕ್ಲಾಸು ಮುಚ್ಚುತ್ತಾರೆ, ತಮ್ಮನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆ ಅನ್ನುವ ಹೆದರಿಕೆ ಮೇಷ್ಟ್ರಿಗೆ. ಆ ಹೆದರಿಕೆಯೆಲ್ಲ ನಮ್ಮ ಕೆನ್ನೆ ಮೇಲೆ ಬೀಳುತ್ತಿತ್ತು.

ನನ್ನ ಹೆಸರಿನ ಕೆಳಗೆ ಗೆರೆಯೇ ಇರಲಿಲ್ಲ. ಗೋಡೆ ಬೆಳ್ಳಗಿತ್ತು. ಚಾವಡಿಯಲ್ಲಿ ನನ್ನ ಹೆಸರು ಮೊದಲು ಓದಿದಾಗ ಅಪ್ಪ ಮೀಸೆ ತಿರುವಿದರು. ನನ್ನ ಬುದ್ಧಿ ಕೆಟ್ಟದ್ದು ಅಲ್ಲೇ ಇರಬೇಕು… ಎರಡನೇ ಹೆಸರು ಅವಳದು, ಬರೀ ಮೂರು ಗೆರೆ. ಮಾರನೇ ದಿನದಿಂದ ನಾನು ಪಿಸುಗುಡುವುದನ್ನು ಕಡಿಮೆ ಮಾಡಿದೆ. ಒಂದು ಪ್ರಶ್ನೆ ದಾಟಿಸುವುದು, ಎರಡು ನುಂಗುವುದು. ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಕರಿಹಲಗೆ ನೋಡುತ್ತಿದ್ದೆ. ಮೂಗು ಹಿಡಿದು ಅವಳ ಕೆನ್ನೆಗೆ ಬಾರಿಸುತ್ತಿದ್ದವಳೂ ನಾನೇ. ಎದುರಿಗೆ ನಿಂತವರ ಬಲಗೈ ಬೀಳುವುದು ಎಡಗೆನ್ನೆಗೆ, ಎಡಗಿವಿಯ ಕಡೆಗೆ. ಮೂರು ಇದ್ದದ್ದು ಮೂವತ್ತು ಗೆರೆ ದಾಟಿತು. ಮೇಷ್ಟ್ರು ಅವಳನ್ನು ಮಂದಮತಿ ಅಂದು ಬಾಗಿಲ ಹತ್ತಿರ ಕೂರಿಸಿದರು.

ಒಂದು ಸಂಜೆ ಬಾವಿಕಟ್ಟೆ ಹತ್ತಿರ ಅವಳು ನನ್ನ ಕೈ ಹಿಡಿದುಕೊಂಡಳು. "ಹೊಡಿ, ಬೇಡ ಅನ್ನಲ್ಲ. ಸ್ವಲ್ಪ ಕೆಳಗೆ ಹೊಡಿಯೇ. ಇದೂ ಹೋದ್ರೆ ನಂಗೆ ಏನೂ ಇಲ್ಲ," ಅಂದಳು. ಆಗಲಿ ಅಂದೆ. ಅಂದೆ, ಅಷ್ಟೆ.

ಇನ್‌ಸ್ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದರು. ದಾರಿಯ ಧೂಳು ಕುಡಿದು ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಅದಕ್ಕೆ ಬಾಯಲ್ಲಿ ಕೇಳುವ ಬದಲು ಸೀಮೆಸುಣ್ಣ ಹಿಡಿದು ಹಲಗೆ ಮೇಲೆ ಬರೆದರು: ಮನೆಗೆ ಒಂದೂಮುಕ್ಕಾಲು ಸೇರು ರಾಗಿಯಂತೆ ಹದಿನಾರು ಮನೆಗೆ ಎಷ್ಟು? ನಾನು ಎಲ್ಲರಿಗಿಂತ ಮೊದಲು ಎದ್ದು ಇಪ್ಪತ್ತಾರು ಅಂದೆ. ಅವರು ಅಲ್ಲ ಅಂತ ತಲೆ ಅಲ್ಲಾಡಿಸಿದರು. ಬಾಗಿಲ ಹತ್ತಿರದಿಂದ ಅವಳ ಸ್ವರ ಬಂತು. ಇಪ್ಪತ್ತೆಂಟು. ಆ ವರ್ಷದಲ್ಲಿ ಮೊದಲ ಸಲ ಪ್ರಶ್ನೆ ಅವಳಿಗೆ ಯಾರ ಹಂಗೂ ಇಲ್ಲದೆ ಸಿಕ್ಕಿತ್ತು.

ಮೇಷ್ಟ್ರು ಎಲ್ಲರಿಗೂ ಹೊಡಿ ಅಂತ ಸನ್ನೆ ಮಾಡಿದರು. ಅವಳು ಗಂಡುಹುಡುಗರಿಗೆಲ್ಲ ಸರಿಯಾಗಿಯೇ ಬಾರಿಸಿದಳು. ನನ್ನ ಹತ್ತಿರ ಬಂದಳು. ಮೂಗು ಹಿಡಿದಳು. ನಕ್ಕು, ಹೂವು ಮುಟ್ಟಿದ ಹಾಗೆ ಕೆನ್ನೆ ಮುಟ್ಟಿದಳು. ಇನ್‌ಸ್ಪೆಕ್ಟರು ನೋಡುತ್ತಿದ್ದರು. ಮೇಷ್ಟ್ರಿಗೆ ಮರ್ಯಾದೆ ಹೋದಂತಾಯಿತು. ನನ್ನ ಕಡೆ ತಿರುಗಿ, "ಹೆಂಗೆ ಹೊಡೀಬೇಕು ಅಂತ ನೀನೇ ತೋರ್ಸು ಅವಳಿಗೆ," ಅಂದರು.

ಹೊಡೆದೆ. ಮೇಷ್ಟ್ರು ಹೇಳಿದರು, ಹೆದರಿ ಹೊಡೆದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪ ಕಿಟಕಿಯಾಚೆ ನಿಂತಿದ್ದರು, ಅವರ ಎದುರಿಗೆ ನಾನು ತಪ್ಪು ಹೇಳಿದ್ದೆ, ಇವಳು ಸರಿ ಹೇಳಿದ್ದಳು. ಕೆಳಗೆ ಹೊಡಿ ಅಂದದ್ದು ನೆನಪಿತ್ತು. ನೆನಪಿದ್ದೇ ಅಂಗೈ ಬಿಚ್ಚಿ, ಮೈಯ ಬಲವನ್ನೆಲ್ಲ ಹಾಕಿ, ಕಿವಿಯ ಮೇಲೇ ಹೊಡೆದೆ. ಅವಳು ಗೋಡೆಗೆ ಬಿದ್ದಳು. ಎದ್ದಾಗ ಎಡಗಿವಿಯಿಂದ ರಕ್ತ ಕತ್ತಿನ ತನಕ ಇಳಿದಿತ್ತು. ಅಳಲಿಲ್ಲ. ನಮ್ಮೆಲ್ಲರ ಬಾಯಿಯನ್ನೇ ಒಬ್ಬೊಬ್ಬರದಾಗಿ ನೋಡುತ್ತ ನಿಂತಳು, ಯಾರಾದರೂ ಮಾತಾಡುತ್ತಿದ್ದಾರಾ ಅಂತ.

ಮೇಷ್ಟ್ರು ಇದ್ದಿಲು ತಗೊಂಡು ಅವಳ ಹೆಸರಿನ ಕೆಳಗೆ ಇನ್ನೊಂದು ಗೆರೆ ಎಳೆದರು. ಸರಿ ಉತ್ತರ ಹೇಳಿದ್ದು ಅವಳು, ಗೆರೆಯೂ ಅವಳಿಗೇ. ಮಧ್ಯಾಹ್ನ ಓದಿಸುವ ಹೊತ್ತಿಗೆ ಅವಳು ಇರಲಿಲ್ಲ. ತಪಾಸಣೆ ಪುಸ್ತಕದಲ್ಲಿ ಇನ್‌ಸ್ಪೆಕ್ಟರು ಬರೆದದ್ದನ್ನು ಮೇಷ್ಟ್ರು ಮಾರನೇ ದಿನ ಚಾವಡಿಯಲ್ಲಿ ಓದಿದರು. ಮಕ್ಕಳ ಶಿಸ್ತು ಚೆನ್ನಾಗಿದೆ, ಗೋಡೆಯ ಪದ್ಧತಿ ಬೇರೆ ಶಾಲೆಗಳಿಗೂ ಮಾದರಿ, ಒಬ್ಬ ಬಾಲಕಿ ಗೈರುಹಾಜರು. ಕ್ಲಾಸು ಉಳಿಯಿತು. ಮೇಷ್ಟ್ರು ಎಲ್ಲರಿಗೂ ಬೆಲ್ಲ ಹಂಚಿದರು. ನಾನೂ ತಿಂದೆ.

ಅವಳು ಮತ್ತೆ ಸ್ಕೂಲಿಗೆ ಬರಲಿಲ್ಲ. ಎದುರುಮನೆಯಿಂದ ಬೆಳ್ಳುಳ್ಳಿ ಎಣ್ಣೆ ವಾಸನೆ ಮಾತ್ರ ದಿನಕ್ಕೆ ಎರಡು ಹೊತ್ತು ಬರುತ್ತಿತ್ತು, ಮಳೆಗಾಲ ಮುಗಿಯುವ ತನಕ. ಆಮೇಲೆ ಅದೂ ನಿಂತಿತು. ಜಗಳೂರಿನ ಕಡೆ ಎರಡನೇ ಸಂಬಂಧಕ್ಕೆ ಅವಳನ್ನು ಕೊಟ್ಟರು. ನಾನು ಓದಿ ಮೇಡಂ ಆದೆ. ಯಾವ ಮಗುವಿನ ಮೂಗನ್ನೂ ಇನ್ನೊಂದು ಮಗುವಿನ ಕೈಗೆ ಕೊಡಲಿಲ್ಲ ನಾನು. ಅದೇನು ದೊಡ್ಡಸ್ತಿಕೆ ಅಲ್ಲ ಬಿಡಿ.

ಎಷ್ಟೋ ವರ್ಷದ ಮೇಲೆ ಒಂದು ಸಲ ಜಗಳೂರಿಗೆ ಹೋಗಿ ಅವಳನ್ನು ಕಂಡೆ. ತಲೆ ನರೆತಿತ್ತು. ನನ್ನನ್ನು ಕಂಡದ್ದೇ ಕೈ ಹಿಡಿದು ಒಳಗೆ ಕರೆದೊಯ್ದು, ರೊಟ್ಟಿ ತಟ್ಟಿ ಹಾಕಿದಳು. ಅವಳು ಒಲೆ ಮುಂದೆ ಕೂತಿದ್ದಾಗ ನಾನು ಹೇಳಿದೆ, ಬೇಕಂತಲೇ ಕಿವಿಗೆ ಹೊಡೆದೆ ಕಣೆ, ನೀನು ಗೆದ್ದಿದ್ದೆ ಅಂತ ಹೊಡೆದೆ. ಹೇಳುತ್ತ ಅತ್ತೆ. ಅವಳು ತಿರುಗಿ ನೋಡಿ, ಒಲೆಯ ಹೊಗೆಗೆ ನನ್ನ ಕಣ್ಣಲ್ಲಿ ನೀರು ಬಂದಿದೆ ಅಂತ ತಿಳಿದು, ಮಣೆಯನ್ನು ಆಚೆ ಸರಿಸಿ ಕೊಟ್ಟಳು.

ಗೂಡಿನಲ್ಲಿ ಅವಳ ಸ್ಲೇಟು ಬಳಪ ಇತ್ತು. ಮನೆಯವರೆಲ್ಲ ಅವಳಿಗೆ ಹೇಳಬೇಕಾದ್ದನ್ನು ಅದರಲ್ಲೇ ಬರೆದು ತೋರಿಸುತ್ತಿದ್ದರು. ಅವಳು ಚೆನ್ನಾಗಿ ಓದುತ್ತಿದ್ದಳು, ಮೊದಲಿನಿಂದಲೂ. ನಾನು ಅದನ್ನು ಕೈಗೆ ತಗೊಂಡೆ, ರೊಟ್ಟಿ ಚೆನ್ನಾಗೈತೆ ಅಂತ ಬರೆದೆ. ಅವಳು ಓದಿ ನಕ್ಕಳು.

ಅವಳು ಹೋಗಿ ಈಗ ಹತ್ತು ವರ್ಷದ ಮೇಲಾಯಿತು. ಹಿತ್ತಲಿಂದ ನಾನು ಒಳಗೆ ಬರುವ ಹೊತ್ತಿಗೆ ಮಗಳು ಎಣ್ಣೆ ಆರಿಸಿ ಇಟ್ಟಿದ್ದಳು. ಮೊಮ್ಮಗಳು ನನ್ನ ತೊಡೆ ಮೇಲೆ ತಲೆ ಇಟ್ಟು, ಅಜ್ಜಿ ನೀನೇ ಹಾಕು ಅಂದಳು. ಎಡಗಿವಿ ಮೇಲಕ್ಕಿತ್ತು. ಆಗಲ್ಲ ಮಗ, ನಿಮ್ಮವ್ವನ ಹತ್ರ ಹಾಕಿಸ್ಕೋ ಅಂದೆ.