ಕೊಡಕ್ಕೆ ಹೇಳಿದ ಮಾತು

ಆ ದಿನದ ಕೊಡ ಯಾವ ಬಣ್ಣದ್ದಿತ್ತು ಎಂದು ಅಕ್ಕನನ್ನು ಕೇಳಿದರೆ ಹಸಿರು ಪ್ಲಾಸ್ಟಿಕ್ಕಿನದು ಅನ್ನುತ್ತಾಳೆ. ನನ್ನ ಕಣ್ಣಿಗೆ ಕಟ್ಟಿರುವುದು ಸ್ಟೀಲಿನ ಕೊಡ, ಒಂದು ಪಕ್ಕ ನೆಗ್ಗಿದ್ದು. ದಿನಚರಿಯಲ್ಲಿ ನಾನು ಬರೆದುಕೊಂಡಿರುವುದು ‘ಗ್ರಾಮಸಭೆ. ಬೇಸಿಗೆಗೆ ಮೊದಲೇ ವಿಪರೀತ ಬಿಸಿಲು. ಅಕ್ಕ ಮಾತಾಡಿದಳು’ ಎಂದಷ್ಟೇ. ಕೊಡದ ಸುದ್ದಿಯೇ ಇಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಡೆದದ್ದೆಷ್ಟು, ಆಮೇಲೆ ಅವರಿವರಿಗೆ ಹೇಳಿ ಹೇಳಿ ನಾನೇ ನಯ ಮಾಡಿಕೊಂಡದ್ದೆಷ್ಟು ಎಂಬ ಅನುಮಾನ ನನಗಿದೆ. ಅನುಮಾನ ಗಟ್ಟಿಯಾಗಿರುವ ಕಡೆ ಹೇಳಿಬಿಡುತ್ತೇನೆ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವಾಗ ತಳಕು ದಾಟಿದ ಮೇಲೆ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಅಕ್ಕನನ್ನು ಕೊಟ್ಟ ಊರು. ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ನಾನು ಅವಳ ಮನೆಯಲ್ಲೇ ಉಳಿದುಕೊಂಡೆ. ಆಗ ಅಕ್ಕ ಪಂಚಾಯಿತಿ ಅಧ್ಯಕ್ಷೆ. ಸ್ಥಾನ ಹೆಂಗಸರಿಗೆ ಮೀಸಲಾಗಿದ್ದರಿಂದ ಅಧ್ಯಕ್ಷೆ ಅವಳು, ಮಿಕ್ಕಿದ್ದೆಲ್ಲ ಭಾವನದು. ಫೋನ್ ಭಾವನದು, ಓಡಾಟ ಭಾವನದು, ಸಭೆಯಲ್ಲಿ ಅಕ್ಕನ ಪಕ್ಕದ ಕುರ್ಚಿ ಭಾವನದು, ಅಕ್ಕನಿಗೆ ಕೇಳಿದ ಪ್ರಶ್ನೆಗೆ ಉತ್ತರವೂ ಭಾವನದೇ. ಬೀದಿಯಲ್ಲಿ ನಿಂತು ಯಾರಾದರೂ ‘ಅಧ್ಯಕ್ಷರೇ’ ಎಂದು ಕೂಗಿದರೆ ಭಾವ ಎದ್ದು ಹೋಗುತ್ತಿದ್ದರು, ಅಕ್ಕ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಭಾವ ಕೆಟ್ಟವರಲ್ಲ. ಅವರು ಹಾಗೆ ಮಾಡುವುದು ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಅವರ ಮನೆಯ ಅನ್ನ ತಿನ್ನುತ್ತಿದ್ದೆ.

ಊರಾಚೆ ಜಾಲಿ ಗಿಡಗಳ ನಡುವೆ ಕೆಲವು ಬಿಡಾರಗಳಿದ್ದವು. ಟಾರ್ಪಾಲು ಹೊದಿಸಿದ ಆ ಗುಡಾರಗಳ ಗಂಡಸರು ಕೂದಲಿಗೆ ಪಾತ್ರೆ ಕೊಡುವ ವ್ಯಾಪಾರದವರು. ಬೈಕಿನ ಹಿಂದೆ ಕೊಡ, ಬಕೆಟ್ಟು ಕಟ್ಟಿಕೊಂಡು ವಾರಗಟ್ಟಲೆ ಊರೂರು ತಿರುಗುತ್ತಿದ್ದರು. ಮೊದಲು ಕುದಾಪುರದ ಕಡೆಯ ಹುಲ್ಲುಗಾವಲಿನಲ್ಲಿ ಇಳಿದುಕೊಳ್ಳುತ್ತಿದ್ದವರು, ಅಲ್ಲಿ ಸರ್ಕಾರಿ ಸಂಸ್ಥೆಗಳ ಕಾಂಪೌಂಡು ಎದ್ದ ಮೇಲೆ ಈ ಕಡೆ ಸರಿದಿದ್ದರು. ಯಾರ ಹತ್ತಿರವೂ ರೇಷನ್ ಕಾರ್ಡಿಲ್ಲ, ಮತದ ಚೀಟಿಯಿಲ್ಲ. ಹಿಂದೆ ಉಳಿಯುತ್ತಿದ್ದ ಹೆಂಗಸರು ಊರವರ ಮನೆಗಳಲ್ಲಿ ಶೇಂಗಾ ಬಿಡಿಸುತ್ತಿದ್ದರು, ಹುಣಸೆಹಣ್ಣು ಕುಟ್ಟುತ್ತಿದ್ದರು. ಅಕ್ಕನ ಪಡಸಾಲೆಗೆ ಬರುತ್ತಿದ್ದವಳಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು. ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುತ್ತಿದ್ದಳು.

‘ನಿಮ್ಮೂರು ಯಾವುದು?’ ಎಂದು ಮೊದಲ ದಿನ ನಾನು ಕೇಳಿದ್ದೆ.

‘ಎತ್ಲಾಗಿನ ಊರು ಹೇಳ್ಲಿ ಅವ್ವಾ? ಹುಟ್ಟಿದ್ದು ರಾಯದುರ್ಗದ ತಾವ, ಮದುವೆ ಆಗಿದ್ದು ದಾರಿ ಮ್ಯಾಲೆ, ಮಗಳು ಹುಟ್ಟಿದ್ದು ಈ ಜಾಲಿ ಗಿಡದ ಕೆಳಗೆ. ಆಫೀಸಿನೋರು ಒಂದೇ ಊರು ಹೇಳು ಅಂತಾರೆ. ಒಂದೇ ಊರಾಗೆ ಇರಾಕೆ ಬಿಟ್ಟಿದ್ರೆ ಹೇಳ್ತಿದ್ದೆ.’

ಎಂ.ಎ. ಓದುವಾಗ ನಾನು ಮೆಕ್ಸಿಕೋದಿಂದ ಕಾಗದಪತ್ರವಿಲ್ಲದೆ ಗಡಿ ದಾಟಿದ ಕುಟುಂಬಗಳ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಮತ ಹಾಕಲಾರದ ಹೆಂಗಸರು ಮಕ್ಕಳ ಶಾಲೆ, ಆಸ್ಪತ್ರೆ ಎಂದು ಬಾಗಿಲು ತಟ್ಟುತ್ತಲೇ ಆ ಊರಿನ ರಾಜಕೀಯದೊಳಗೆ ಹೇಗೆ ಕಾಲಿಡುತ್ತಾರೆ ಎಂಬುದು ವಿಷಯ. ಮೇಷ್ಟರು ಮೆಚ್ಚಿದ್ದರು. ಮೆಕ್ಸಿಕೋವನ್ನು ನಾನು ನೋಡಿದ್ದು ಭೂಪಟದಲ್ಲಿ. ಇವರು ದಾಟಿದ್ದು ದೇಶದ ಗಡಿಯನ್ನಲ್ಲ, ಆಂಧ್ರದಿಂದ ಕರ್ನಾಟಕಕ್ಕೆ ಬರುವ ದಾರಿಯ ಒಂದು ಗಡಿಕಲ್ಲನ್ನು. ಎರಡೂ ಒಂದೇ ಅಲ್ಲವೆಂದು ಗೊತ್ತಿದ್ದರೂ ಅವಳ ಮಾತು ಕೇಳುವಾಗಲೆಲ್ಲ ಪ್ರಬಂಧದ ಸಾಲುಗಳು ತಲೆಯಲ್ಲಿ ಓಡುತ್ತಿದ್ದವು. ಈಗಲೂ ನಾನು ನೆನೆಯುವುದು ಅವಳನ್ನೋ, ಪ್ರಬಂಧದ ಯಾವಳೋ ಹೆಂಗಸನ್ನೋ?

ಅವಳಿಗೆ ಬೇಕಾಗಿದ್ದು ಒಂದು ನಲ್ಲಿ. ಬಿಡಾರದವರು ಪಕ್ಕದ ತೋಟದ ದನದ ತೊಟ್ಟಿಯಿಂದ ನೀರು ತರುತ್ತಿದ್ದರು. ಬೇಸಿಗೆಗೆ ಬೋರು ಕಡಿಮೆಯಾಗುತ್ತದೆ, ಇನ್ನು ಬರಬೇಡಿ ಎಂದು ತೋಟದವರು ಹೇಳಿಯಾಗಿತ್ತು. ನೀರು ನಿಂತರೆ ಗಂಡಸರು ಬಿಡಾರ ಕಿತ್ತು ಮುಂದಿನ ಊರಿಗೆ ಹೊರಡುತ್ತಾರೆ. ಅವಳ ಮಗಳು ಆ ವರ್ಷವಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಮೇಡಂ ಕಾಗದ ಕೇಳದೆ ಕೂರಿಸಿಕೊಂಡಿದ್ದರು.

‘ಗಂಡಸ್ರಿಗೇನು, ಮುಂದ್ಲ ಊರು ಇದ್ದೇ ಇರ್ತೈತೆ,’ ಅನ್ನುತ್ತಿದ್ದಳು. ‘ಮುಂದ್ಲ ಊರಾಗೆ ಇಂಥ ಮೇಡಮ್ಮು ಇರ್ತಾಳಾ?’

ಒಂದು ದಿನ ಅಕ್ಕ ಈ ಮಾತನ್ನು ಭಾವನ ಕಿವಿಗೆ ಹಾಕಿದಳು. ಪೈಪು ಶಾಲೆಯ ಹಿಂದಿನವರೆಗೆ ಬಂದಿದೆ, ಅಲ್ಲಿಂದ ಬಿಡಾರದ ಹತ್ತಿರಕ್ಕೆ ಎಳೆದು ನಲ್ಲಿ ಇಟ್ಟ ಸಣ್ಣ ತೊಟ್ಟಿ, ನಮ್ಮ ಕಡೆ ತೊಂಬೆ ಅನ್ನುವಂಥದ್ದು, ಒಂದನ್ನು ಕಟ್ಟಿಸಬಹುದಲ್ಲ ಎಂದಳು. ಭಾವ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದವಳಿಗೂ ಕೇಳುವ ಹಾಗೆ, ‘ಓಟಿಲ್ಲ, ಕಾರ್ಡಿಲ್ಲ, ಮನೆ ನಂಬರಿಲ್ಲ. ನಾಳೆ ಗಂಟು ಕಟ್ಕೊಂಡು ಎದ್ದೋದ್ರೆ ತೊಂಬೇನ ತಲೆ ಮ್ಯಾಲೆ ಹೊತ್ಕೊಂಡು ನಾನು ಹಿಂದೆ ಹೋಗ್ಲಾ?’ ಎಂದರು.

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮೊರವನ್ನು ಒಮ್ಮೆ ತಟ್ಟಿ, ಮೊರಕ್ಕೇ ಹೇಳಿದಳು: ‘ಒಂದು ದಿನ ಹೊರೋ ಮಾತಿಗೇ ಇಷ್ಟು ಸುಸ್ತಾದ್ರೆ, ದಿನಾ ಹೊರೋರು ಏನಾಗ್ಬೇಕೋ ತಾಯಿ.’

ಒಳಗೆ ಅಕ್ಕ ನಕ್ಕದ್ದು ಕೇಳಿಸಿತು. ಭಾವ ಸುತ್ತ ನೋಡಿದರು. ತಮಗೆ ಹೇಳದ ಮಾತಿಗೆ ಬೈಯುವುದು ಹೇಗೆಂದು ತಿಳಿಯದೆ ಚಪ್ಪಲಿ ಮೆಟ್ಟಿ ಹೊರಟರು.

ಗ್ರಾಮಸಭೆ ಹತ್ತಿರ ಬಂದಿತ್ತು. ಅಲ್ಲಿ ನೀನೇ ಎದ್ದು ಕೇಳು ಎಂದು ನಾನು ಬಿಡಾರದವಳಿಗೆ ಪಾಠ ಶುರು ಮಾಡಿದೆ. ನೆಟ್ಟಗೆ ನಿಲ್ಲಬೇಕು, ಮೈಕು ಬಾಯಿಗೆ ಹತ್ತಿರ ಹಿಡಿಯಬೇಕು, ಅಧಿಕಾರಿಯ ಮುಖ ನೋಡಿ ಮಾತಾಡಬೇಕು. ಅವಳು ಒಂದೆರಡು ಸಲ ಸೌಟು ಹಿಡಿದು ಪ್ರಯತ್ನಪಟ್ಟು ಬಿದ್ದು ಬಿದ್ದು ನಕ್ಕಳು. ಆಮೇಲೆ ತಮ್ಮಲ್ಲಿ ಹಾಗಿಲ್ಲ ಎಂದಳು. ಅವರ ಕುಲದ ಪಂಚಾಯಿತಿ ಕೂತಾಗ ಹೆಂಗಸು ಗಂಡಸರಿಗೆ ಎದುರು ಮಾತಾಡುವಂತಿಲ್ಲ. ಹೇಳುವುದಿದ್ದರೆ ನೀರು ತುಂಬಿದ ಕೊಡ ತಂದು ನಡುವೆ ಇಟ್ಟು, ಕೊಡಕ್ಕೆ ಹೇಳಬೇಕು. ತಮಗೆ ಹೇಳಿದ್ದಲ್ಲವಾದ್ದರಿಂದ ಯಾವ ಗಂಡಸೂ ನಡುವೆ ಬಾಯಿ ಹಾಕುವಂತಿಲ್ಲ. ಉತ್ತರ ಕೊಡುವವರೂ ಕೊಡಕ್ಕೇ ಕೊಡಬೇಕು. ಒಪ್ಪಿದವರು ಆ ಕೊಡದಿಂದ ಒಂದು ಬೊಗಸೆ ನೀರು ಕುಡಿಯಬೇಕು. ಕುಡಿದ ಮೇಲೆ ಮಾತು ತಪ್ಪುವಂತಿಲ್ಲ.

‘ಅದು ಒಂದು ಥರ ಮುಸುಕೇ ಆಯ್ತಲ್ಲ,’ ಎಂದೆ. ‘ಮುಖ ಕೊಟ್ಟು ಮಾತಾಡೋ ಹಕ್ಕಿಲ್ಲ ಅಂತ ತಾನೇ?’

‘ಮುಖ ನೋಡಿ ಕೇಳಿದ್ರೆ ಗಂಡಸ್ರಿಗೆ ಸಿಟ್ಟು ಬರ್ತೈತೆ. ಸಿಟ್ಟು ಬಂದ್ರೆ ಮಾತು ಅಲ್ಲಿಗೇ ತುಂಡು. ಬಿಂದೆಗೆ ಸಿಟ್ಟು ಬರಲ್ಲ ಅವ್ವಾ.’ ಕೊಡಕ್ಕೆ ಅವಳು ತೆಲುಗಿನಂತೆ ಬಿಂದೆ ಅನ್ನುತ್ತಿದ್ದಳು.

ನನಗೆ ಒಪ್ಪಿಗೆಯಾಗಲಿಲ್ಲ. ಈ ಸಭೆಯಲ್ಲಿ ಅದೆಲ್ಲ ನಡೆಯುವುದಿಲ್ಲ, ಮೈಕಿನಲ್ಲೇ ಹೇಳು ಎಂದೆ. ಗಂಡ ಏನನ್ನುತ್ತಾನೆ ಎಂದು ಕೇಳಿದ್ದಕ್ಕೆ, ‘ಅವ್ನು ತಿರುಗಾಟ ಮುಗ್ಸಿ ಬರೋದ್ರೊಳಗೆ ನಿಮ್ಮ ಸಭೆ ಮುಗಿದಿರ್ತೈತೆ ಬಿಡು,’ ಎಂದಳು.

ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಮೇಜಿನ ಹಿಂದೆ ಅಕ್ಕ, ಭಾವ, ಪಂಚಾಯಿತಿ ಅಧಿಕಾರಿ. ಚರಂಡಿ, ಬೀದಿದೀಪ ಎಲ್ಲ ಮುಗಿದ ಮೇಲೆ ನಾನು ಬಿಡಾರದವಳಿಗೆ ಸನ್ನೆ ಮಾಡಿದೆ. ಅವಳು ಕೊಡ ಹೊತ್ತುಕೊಂಡೇ ಬಂದಿದ್ದಳು. ಅದನ್ನು ಕೆಳಗಿಟ್ಟು ಮೈಕು ತೆಗೆದುಕೊಂಡಳು. ನೆಟ್ಟಗೆ ನಿಂತಳು. ಅಧಿಕಾರಿಯ ಮುಖ ನೋಡಿದಳು. ಮಾತು ಹೊರಡಲಿಲ್ಲ. ಮೈಕಿನಲ್ಲಿ ಬರೀ ಉಸಿರು ಕೇಳಿಸಿತು. ಹುಡುಗರು ಕಿಸಕ್ಕೆಂದರು. ‘ಸರಿ, ಮುಂದಿನ ವಿಷಯ ತಗೊಳ್ರಿ,’ ಎಂದರು ಭಾವ. ನನ್ನ ಪಾಠ ಮಣ್ಣುಪಾಲಾಯಿತೆಂದು ನಾನು ಕಣ್ಣು ಕೆಳಗಿಳಿಸಿದೆ.

ಮತ್ತೆ ನೋಡುವಾಗ ಅವಳು ಮೈಕನ್ನು ಕುರ್ಚಿಯ ಮೇಲಿಟ್ಟು, ಕೊಡವನ್ನು ಮೇಜಿನ ಮುಂದೆ ತಂದು, ಗಂಡಸರಿಗೆ ಓರೆಯಾಗಿ ನೆಲದ ಮೇಲೆ ಕೂತಿದ್ದಳು. ಮೈಕನ್ನು ಎತ್ತಿ ಕೊಡದ ಬಾಯಿಯ ಹತ್ತಿರ ಹಿಡಿದದ್ದು ಯಾರು? ನಾನೆಂದು ನನ್ನ ನೆನಪು. ತಾನೇ ಮೇಜು ಬಿಟ್ಟು ಇಳಿದು ಬಂದು ಹಿಡಿದೆ ಅನ್ನುತ್ತಾಳೆ ಅಕ್ಕ. ಅವಳೇ ಸರಿಯಿರಬೇಕು, ಇಂಥ ಕಡೆಗಳಲ್ಲಿ ನೆನಪು ನನ್ನನ್ನು ಮುಂದೆ ತಳ್ಳುವುದನ್ನು ನಾನು ಬೇರೆ ಸಲವೂ ಕಂಡಿದ್ದೇನೆ.

‘ಬಿಂದೇ, ನಿನ್ನ ಇಲ್ಲೀಗಂಟ ಹೊತ್ಕೊಂಡು ಬಂದೀನಿ, ನನ್ನ ಮಾತು ಕೇಳು,’ ಎಂದಳು. ದನಿ ಈಗ ಪಡಸಾಲೆಯಲ್ಲಿ ಇರುವಂಥದೇ. ‘ದನ ಕುಡಿದು ಬಿಟ್ಟಿದ್ದು ನಿನ್ನ ಹೊಟ್ಟೇಲಿ ಐತೆ. ಇನ್ನು ಅದೂ ಇಲ್ಲ ಅಂದವ್ರೆ. ಈ ಊರ ಶೇಂಗಾ ಬಿಡ್ಸಿದ್ದು ನಮ್ಮ ಕೈ, ಹುಣಸೆಹಣ್ಣು ಕುಟ್ಟಿದ್ದು ನಮ್ಮ ಕೈ. ಆವಾಗ ಯಾರೂ ಯಾವೂರು ಅನ್ನಲಿಲ್ಲ. ನೀರು ಕೇಳಿದ್ರೆ ಮಾತ್ರ ಯಾವೂರು ಅಂತಾರೆ. ನನ್ನ ಮಗಳು ಇದೇ ಶಾಲೇಲಿ ಕುಂತವ್ಳೆ. ನೀರಿಲ್ದೆ ಬಿಡಾರ ಎದ್ರೆ ಅವಳೂ ಏಳ್ಬೇಕು. ಇವತ್ತು ಕಾರ್ಡು ಕೇಳಲ್ಲ, ಮನೆ ಕೇಳಲ್ಲ. ಒಂದು ನಲ್ಲಿ ಕೊಡ್ಸು.’

‘ಲೇ, ಕೊಡಕ್ಕೆ ಕಿವಿ ಐತೇನ್ಲೇ?’ ಎಂದ ಹಿಂದಿನಿಂದ ಒಬ್ಬ.

‘ನಮ್ಮ ಪಂಚಾಯ್ತಿಗಿಂತ ಚೆಂದಾಗಿ ಕೇಳ್ತೈತೆ, ಸುಮ್ಕಿರಲೇ,’ ಎಂದರು ಮುಂದೆ ಕೂತಿದ್ದ ಮುದುಕರೊಬ್ಬರು. ಶಾಮಿಯಾನದ ತುಂಬ ನಗು.

ಭಾವ ಎದ್ದರು. ‘ನೋಡಮ್ಮ, ಇದಕ್ಕೆಲ್ಲ ರೂಲ್ಸು ಅಂತ—’

‘ಅಲ್ರೀ ಗೌಡ್ರೇ,’ ಎಂದರು ಅದೇ ಮುದುಕರು, ‘ಆಯಮ್ಮ ನಿಮ್ಮನ್ನೆಲ್ಲಿ ಕೇಳಿದ್ಲು?’

ಭಾವ ನಿಂತೇ ಇದ್ದರು. ಆಗ ಅಕ್ಕ ಮಾತಾಡಿದಳು. ಅವಳು ನೋಡಿದ್ದು ಭಾವನನ್ನಲ್ಲ, ಅಧಿಕಾರಿಯನ್ನಲ್ಲ, ಕೊಡವನ್ನು. ‘ಪೈಪು ಶಾಲೆ ಹಿಂದೆ ಐತೆ. ಅಲ್ಲಿಂದ ಬಿಡಾರ ದೂರ ಏನಿಲ್ಲ. ತೊಂಬೆ ಕಟ್ಟಿಸ್ತೀವಿ, ಬೇಸಿಗೆಗೆ ಮುಂಚೆ. ಇದು ಅಧ್ಯಕ್ಷೆ ಹೇಳೋ ಮಾತು.’ ಆಮೇಲೆ ಅಧಿಕಾರಿಯ ಕಡೆ ತಿರುಗಿ, ‘ಸಭೆ ಒಪ್ಪಿದ್ರೆ ಆಗ್ತೈತಲ್ರೀ ಸಾರ್?’ ಎಂದಳು. ಆಗುತ್ತದೆ ಎಂದರು ಅವರು. ಕೈಗಳು ಎದ್ದವು. ಹೆಂಗಸರ ಕಡೆಯವು ಮೊದಲು ಎದ್ದವು ಎಂದು ನನ್ನ ನೆನಪು. ಹಾಗಾಗಲಿ ಎಂಬ ಆಸೆಯೂ ಇದ್ದೀತು.

ಆದರೆ ಬಿಡಾರದವಳು ಏಳಲಿಲ್ಲ. ಕೊಡದ ಪಕ್ಕ ಕಾಯುತ್ತ ಕೂತಳು. ಯಾಕೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕ ಕೊಡದೊಳಗೆ ನೋಡಿದಳು. ದನದ ತೊಟ್ಟಿಯ ನೀರು. ನಮ್ಮ ಮನೆಗಳಲ್ಲಿ ಬಿಡಾರದವರ ಲೋಟವೂ ಬೇರೆ. ಅಕ್ಕ ಬಗ್ಗಿ ಬೊಗಸೆಯೊಡ್ಡಿದಳು, ಅವಳು ಕೊಡ ಬಾಗಿಸಿ ನೀರು ಹಾಕಿದಳು. ಅಕ್ಕ ಕುಡಿದಳೋ, ತುಟಿಗೆ ಮುಟ್ಟಿಸಿ ಚೆಲ್ಲಿದಳೋ ಎಂಬುದು ಅವಳ ಬೆನ್ನ ಹಿಂದೆ ನಿಂತಿದ್ದ ನನಗೆ ಕಾಣಲಿಲ್ಲ. ಈಗ ಕೇಳಿದರೆ, ‘ನೀನು ಅದನ್ನೂ ಬರಿತೀಯಾ?’ ಎಂದು ನಗುತ್ತಾಳೆಯೇ ಹೊರತು ಹೇಳುವುದಿಲ್ಲ.

ಅಂದು ಮಧ್ಯಾಹ್ನ ಭಾವ ಊಟಕ್ಕೆ ಕೂತರು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ನೋಡುತ್ತ, ‘ರೊಟ್ಟಿಯೇ, ಇನ್ಮೇಲೆ ಈ ಮನೇಲಿ ನನ್ನನ್ನ ಯಾರೂ ಕೇಳಲ್ಲ, ನೀನಾದ್ರೂ ಸ್ವಲ್ಪ ಉಪ್ಪಿನಕಾಯಿ ಕೊಡ್ಸು,’ ಎಂದರು. ಅಕ್ಕ ನಗುವಿನಿಂದ ಬಡಿಸಲಾರದೆ ಗೋಡೆಗೆ ಒರಗಿದಳು. ಅವರ ಮದುವೆಯಲ್ಲಿ ಏನೋ ಒಂದು ಕದಲಿದ್ದು ಆಗಲೇ ಇರಬೇಕು.

ತೊಂಬೆ ಸಲೀಸಾಗಿ ಬರಲಿಲ್ಲ. ಕಂಟ್ರಾಕ್ಟರು ಇವತ್ತು ನಾಳೆ ಎಂದು ತಳ್ಳಿದ. ಅವಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಪಂಚಾಯಿತಿ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು, ಏನೂ ಕೇಳದೆ. ಅವಳನ್ನು ಕಂಡು ಅಕ್ಕನೂ ಕಚೇರಿಗೆ ಹೋಗತೊಡಗಿದಳು. ಫೋನ್ ಅಕ್ಕನ ಕೈಗೆ ಬಂತು. ಈ ನಡುವೆ ತಿರುಗಾಟದಿಂದ ಬಂದ ಗಂಡ ಹೊರಡೋಣ ಎಂದು ಹಟ ಹಿಡಿದನಂತೆ. ಅವಳು ಕುಲದವರ ನಡುವೆ ಕೊಡ ಇಟ್ಟಳಂತೆ. ಅಲ್ಲಿ ಏನು ಹೇಳಿದಳೆಂದು ನನಗೆ ಹೇಳಲಿಲ್ಲ. ‘ಅದು ನಮ್ಮ ಬಿಂದೆ ಮಾತು,’ ಎಂದಳು. ಬಿಡಾರ ಏಳಲಿಲ್ಲ, ಅಷ್ಟು ಗೊತ್ತು.

ಬೇಸಿಗೆ ಏರುವ ಹೊತ್ತಿಗೆ ತೊಂಬೆಗೆ ನೀರು ಬಂತು. ಕೊಡಕ್ಕೆ ಹೇಳುವುದು ಬಿಡುಗಡೆಯೋ ಮುಸುಕೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಅವಳಿಗೆ ಈಗಲೂ ಮತವಿಲ್ಲ, ಕಾರ್ಡಿಗಾಗಿ ಅಕ್ಕನೊಂದಿಗೆ ಚಳ್ಳಕೆರೆಗೆ ಅಲೆಯುತ್ತಿದ್ದಾಳೆ. ಕೆಲವು ದಿನಗಳ ಹಿಂದೆ ಕಾಲೇಜಿನಿಂದ ಬಸ್ಸಿಳಿದು ಬರುವಾಗ ತೊಂಬೆಯ ಹತ್ತಿರ ದೊಡ್ಡ ಜಗಳ. ಶಾಲೆಯ ಹಿಂದಿನ ಮನೆಗಳವರೂ ಅಲ್ಲಿಗೇ ನೀರಿಗೆ ಬರುತ್ತಾರೆ. ಯಾರೋ ಪಾಳಿ ತಪ್ಪಿಸಿದ್ದರು. ಅವಳು ಸೊಂಟದ ಮೇಲೆ ಕೈಯಿಟ್ಟು, ಎದುರು ನಿಂತ ಊರಿನವಳ ಮುಖಕ್ಕೆ ಮುಖ ಕೊಟ್ಟು, ಕೊಡದ ಹಂಗಿಲ್ಲದೆ ಬೈಯುತ್ತಿದ್ದಳು.

‘ನಿಮ್ಮ ಬೀದಿಯೋರದು ದಿನಾ ಇದೇ ಆಯ್ತು!’ ಎಂದು ಊರಿನವಳು ಕೂಗಿದಳು.

‘ನಮ್ಮ ಬೀದಿ ಸುದ್ದಿಗೆ ಬಂದ್ರೆ ಸುಮ್ಕಿರಲ್ಲ, ಹ್ಞಾಂ!’ ಎಂದಳು ಇವಳು. ಎಂದವಳು ನನ್ನನ್ನು ಕಂಡು, ಒಂದು ಗಳಿಗೆ ಜಗಳ ನಿಲ್ಲಿಸಿ ಜಾಲಿ ಗಿಡಗಳ ನಡುವಿನ ಟಾರ್ಪಾಲು ಗುಡಾರಗಳ ಕಡೆ ನೋಡಿದಳು. ಆಮೇಲೆ ಕೊಡ ಮುಂದೆ ತಳ್ಳಿ ನಲ್ಲಿ ತಿರುಗಿಸಿದಳು.