ಚಪ್ಪಲಿ ಕೈಯಲ್ಲಿ ಹಿಡಿದವಳು

ಪುಣೆಯ ಕೋರ್ಟಿನಲ್ಲಿ ಕನ್ನಡದವರ ಮಾತನ್ನು ಇಂಗ್ಲಿಷ್ ಸಾಹೇಬರಿಗೆ ಮುಟ್ಟಿಸುವ ದುಭಾಷಿ ಮುರುಗೆಪ್ಪನವರೆಂದರೆ ಸಾಮಾನ್ಯರಲ್ಲ. ವಿಜಾಪುರದ ಕಡೆಯಿಂದ ಬಂದು ಹದಿನೇಳು ವರ್ಷ. ಒಂದು ದಿನವೂ ನಾಲಿಗೆ ತಡವರಿಸಿದ್ದಿಲ್ಲ. ಊಟವಾದ ಮೇಲೆ ಉಳಿದವರು ಎಲೆಯಡಿಕೆಗೆ ಕೈಹಾಕಿದರೆ ಇವರು ಡಿಕ್ಷನರಿಗೆ ಕೈಹಾಕುವರು. ಆ ವಾರ ಅವರ ಮನಸ್ಸಿಗೆ ಹಿಡಿಸಿದ್ದು 'ಸ್ನೀಕ್' ಎಂಬ ಪದ. ಸಪ್ಪಳವಾಗದಂತೆ, ಯಾರ ಕಣ್ಣಿಗೂ ಬೀಳದಂತೆ ಸರಿದುಹೋಗುವುದು ಎಂದು ಅರ್ಥ. ಅದನ್ನು ಎಲ್ಲಿ ಬಳಸಲಿ ಎಂದು ಅವರ ನಾಲಿಗೆ ತುರಿಸುತ್ತಿತ್ತು.

೧೯೨೬ರ ಆ ಸೋಮವಾರ ಕಟಕಟೆಯಲ್ಲಿ ನಿಂತವಳು ಶಿವಗಂಗವ್ವ, ವ್ಯಾಪಾರಿ ಬಿಂದುಮಾಧವರ ಮನೆಯಲ್ಲಿ ಪಾತ್ರೆ ತಿಕ್ಕುವವಳು. ಅಲ್ಲಿ ಬೆಳ್ಳಿ ಬಟ್ಟಲು ಕಳುವಾಗಿತ್ತು. ಅವಳು ಅದನ್ನು ಒಯ್ದದ್ದನ್ನು ಕಂಡವರಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದದ್ದನ್ನು ಕಾವಲುಗಾರ ಏಕನಾಥ ಕಂಡಿದ್ದ, ಅಷ್ಟೇ ಸಾಕ್ಷಿ.

"ಹೆಂಗ ಹೋದಿ?" ಎಂದು ಮುರುಗೆಪ್ಪನವರು ಕೇಳಿದರು.

"ಚಪ್ಲಿ ಕೈಯಾಗ ಹಿಡಕೊಂಡು, ಸಪ್ಪಳ ಮಾಡದ ಹೋದೆ ರೀ."

ಮುರುಗೆಪ್ಪನವರು ಎದೆಯುಬ್ಬಿಸಿ ಆ ಹೊಸ ಪದವನ್ನೇ ಒಗೆದರು. ಸಾಹೇಬರ ಲೇಖನಿ ಸರಸರನೆ ಓಡಿತು.

"ಅಂದರೆ ಒಪ್ಪಿಕೊಂಡಳು," ಎಂದರು ಸಾಹೇಬರು.

ಮುರುಗೆಪ್ಪನವರಿಗೆ ತಮ್ಮ ತಪ್ಪು ಹೊಳೆಯಿತು. ಅವಳು ಒಪ್ಪಿಕೊಂಡದ್ದು ಯಾವಾಗ? ಡಿಕ್ಷನರಿಯ ಅರ್ಥವೇನೋ ಸರಿಯೇ; ಆದರೆ ಇಂಗ್ಲಿಷರು ನೆಟ್ಟಗಿನ ಕೆಲಸಕ್ಕೆ ಹೋಗುವವರಿಗೆ ಆ ಪದ ಬಳಸುವುದಿಲ್ಲ. ತಮ್ಮ ಜಂಬಕ್ಕೆ ಈ ಬಡವಿ ಜೈಲು ಸೇರಬೇಕೆ? ಇನ್ನೊಂದು ಪ್ರಶ್ನೆಗೆ ಅಪ್ಪಣೆ ಕೇಳಿದರು.

"ಚಪ್ಲಿ ಯಾಕ ಕೈಯಾಗ ಹಿಡದಿದ್ದಿ, ತಂಗಿ?"

ಇದನ್ನೂ ಕೇಳುತ್ತಾರೆಯೇ ಎಂಬಂತೆ ಅವಳು ನೋಡಿದಳು. "ಕಟ್ಟಿ ಮ್ಯಾಲ ದೊಡ್ಡ ಯಜಮಾನ್ರು ಜಪಕ್ಕ ಕುಂತಿದ್ರಲ್ರಿ. ಹಿರೇರ ಮುಂದ ಚಪ್ಲಿ ಮೆಟ್ಟಿಕೊಂಡು ಹೆಂಗ ದಾಟಲಿ?"

ಆಗ ಮುರುಗೆಪ್ಪನವರ ಕಣ್ಣು ಅವಳ ಕಂಕುಳಿಗೆ ಬಿತ್ತು. ಅಲ್ಲಿ ಸವೆದ ಚಪ್ಪಲಿ ಜೋಡು ಈಗಲೂ ಇತ್ತು.

"ತಪ್ಪು ನನ್ನದು, ಸಾಹೇಬರೇ," ಎಂದು ಅವರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದರು. "ಆ ಪದ ನನ್ನದು, ಅವಳದಲ್ಲ. ಅದರೊಳಗೆ ಕಳ್ಳತನ ಮೊದಲೇ ಕೂತಿದೆ. ಅವಳು ಹೇಳಿದ್ದು ಹಿರಿಯರಿಗೆ ಕೊಡುವ ಮರ್ಯಾದೆ. ನೋಡಿ, ತಮ್ಮ ಮುಂದೆಯೂ ಬರಿಗಾಲಲ್ಲೇ ನಿಂತಿದ್ದಾಳೆ."

ಸಾಹೇಬರು ಮೇಜಿನ ಮೇಲಿಂದ ಬಗ್ಗಿ ನೋಡಿದರು. ದುಭಾಷಿಯನ್ನು ಚೆನ್ನಾಗಿ ಗದರಿಸಿ, ಬರೆದ ಸಾಲು ಹೊಡೆದುಹಾಕಿದರು. ಬೇರೆ ಸಾಕ್ಷಿಯಿರಲಿಲ್ಲ, ಶಿವಗಂಗವ್ವನ ಬಿಡುಗಡೆಯಾಯಿತು.

ಹೊರಗೆ ಅಂಗಳದ ಕಲ್ಲು ಬಿಸಿಲಿಗೆ ಕಾದಿತ್ತು. ಮೆಟ್ಟಿಲ ಬಳಿ ನಿಂತಿದ್ದ ಮುರುಗೆಪ್ಪನವರ ಮುಂದೆ ಅವಳು ಬರಿಗಾಲಲ್ಲೇ ಸಾಗಿದಳು.

"ಕಾಲು ಸುಡ್ತಾವ, ಮೆಟ್ಕೋ ತಂಗಿ. ನಿನ್ನ ಜೈಲಿಗೆ ಕಳಸ್ತಿದ್ದವ ನಾನಽ."

"ಇರ್ಲಿ ಬಿಡ್ರಿ, ಹಿರೇರು ನಿಂತೀರಿ," ಎಂದು ಅವಳು ಚಪ್ಪಲಿ ಕೈಯಲ್ಲೇ ಹಿಡಿದು ಅವರನ್ನು ದಾಟಿಹೋದಳು.